ಫುಂಟ್‌ಶೋಲಿಂಗ್‌ನ ಗೇಟು, ಶಿರಸಿಯ ರೇಟು

ನಮ್ಮೂರ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಬೆಳಿಗ್ಗೆ ಗುಡ್ ಮಾರ್ನಿಂಗ್ ಬಾರದಿದ್ದರೂ ಸಂಜೆ ಅಡಿಕೆ ರೇಟು ಮಾತ್ರ ಬಂದೇ ಬರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರರದ್ದೂ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಲ್ಲ ಬೇರೆ ಬೇರೆ. ಬೆಂಗಳೂರಲ್ಲಿ ಕೂತು ಕೋಡ್ ಬರೆಯೋ ನನ್ನಂಥವರೂ ಮೀಟಿಂಗ್ ಮಧ್ಯೆ ಅದನ್ನು ತೆಗೆದು ನೋಡುತ್ತೇವೆ. ಷೇರು ಬೆಲೆ ನೋಡುತ್ತಿದ್ದಾನೆ ಅಂತ ಪಕ್ಕದವರು ಅಂದುಕೊಳ್ಳುತ್ತಾರೆ. ಷೇರಿಗೆ ಕೊಳೆರೋಗ ಬರೋದಿಲ್ಲ ಅನ್ನೋದು ಅವರಿಗೆ ಗೊತ್ತಿಲ್ಲ.

2022ರ ಸೆಪ್ಟೆಂಬರ್ ಕೊನೆಯಲ್ಲಿ ರೇಟಿನ ಜೊತೆ ಒಂದು ಸರ್ಕಾರಿ ಅಧಿಸೂಚನೆಯ ಸುದ್ದಿಯೂ ಬಂತು. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಪಶ್ಚಿಮ ಬಂಗಾಳದ ಜೈಗಾಂವ್ ಮೂಲಕ ತರಬಹುದು ಅಂತ. ಅಪ್ಪ ಫೋನ್ ಮಾಡಿ ಕೇಳಿದ: "ತಮಾ, ಭೂತಾನದಲ್ಲೂ ಅಡಕೆ ಬೆಳೀತ್ವನಾ? ಅಲ್ಲೆಲ್ಲ ಹಿಮ ಅಲ್ದಾ?"

ಬೆಳೆಯುತ್ತಾರೆ. ಅಸ್ಸಾಂ, ಬಂಗಾಳಕ್ಕೆ ತಾಗಿದ ದಕ್ಷಿಣದ ತಗ್ಗು ಜಿಲ್ಲೆಗಳಲ್ಲಿ ಅಡಿಕೆ ಮರಗಳಿವೆ. ನಾವು ಕವಳ ಅನ್ನುವುದಕ್ಕೆ ಅವರು ದೋಮಾ ಅನ್ನುತ್ತಾರೆ. ಉಳಿದದ್ದನ್ನು ಮಾರಬೇಕೆಂದರೆ ಅವರಿಗೆ ಹತ್ತಿರದ ದೊಡ್ಡ ಮಾರುಕಟ್ಟೆ ಅಂದರೆ ಭಾರತವೇ. ಫುಂಟ್‌ಶೋಲಿಂಗ್‌ನ ಗೇಟು ದಾಟಿದರೆ ಜೈಗಾಂವ್. ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಆ ಗಡಿ ಮತ್ತೆ ತೆರೆದದ್ದೂ ಅದೇ ಸೆಪ್ಟೆಂಬರ್‌ನಲ್ಲಿ.

ಕನಿಷ್ಠ ಆಮದು ಬೆಲೆ ಅಂದರೆ, ಹೊರಗಿನ ಮಾಲು ಇಂತಿಷ್ಟಕ್ಕಿಂತ ಅಗ್ಗವಾಗಿ ಒಳಗೆ ಬರಬಾರದು ಅಂತ ಹಾಕಿದ ಬೇಲಿ. ಅಡಿಕೆಗೆ ಅದು 2017ರಿಂದ ಕೆಜಿಗೆ 251 ರೂಪಾಯಿ ಇತ್ತು, 2023ರ ಫೆಬ್ರವರಿಯಲ್ಲಿ 351 ಆಯಿತು. ಭೂತಾನಕ್ಕೆ ಕೊಟ್ಟಿದ್ದು ಆ ಬೇಲಿಯಲ್ಲಿ ಒಂದು ಉಣಗೋಲು.

ಯಾಕೆ ಕೊಟ್ಟರು? ಇಲ್ಲಿಂದ ಮುಂದೆ ನನ್ನ ಊಹೆ, ಆದರೆ ಆಧಾರವಿಲ್ಲದ್ದಲ್ಲ. ಭೂತಾನದ ಆದಾಯದ ದೊಡ್ಡ ಪಾಲು ಜಲವಿದ್ಯುತ್ತಿನದ್ದು, ಅದನ್ನು ಕೊಳ್ಳುವುದು ನಾವು. 336 ಮೆಗಾವ್ಯಾಟಿನ ಚುಖಾ ಯೋಜನೆ ಕಟ್ಟಿದ್ದೂ ನಮ್ಮ ದುಡ್ಡಲ್ಲೇ. ಪೆಟ್ರೋಲು, ಗ್ಯಾಸು, ಅಕ್ಕಿ ಅವರಿಗೆ ಇಲ್ಲಿಂದಲೇ ಹೋಗಬೇಕು. 2013ರ ಜುಲೈನಲ್ಲಿ, ಅಲ್ಲಿ ಚುನಾವಣೆ ನಡೆಯುತ್ತಿರುವಾಗಲೇ, ಭಾರತ ಗ್ಯಾಸು ಮತ್ತು ಸೀಮೆಎಣ್ಣೆಯ ಸಬ್ಸಿಡಿ ನಿಲ್ಲಿಸಿತು. ಹಳೆಯ ಯೋಜನೆಯ ಅವಧಿ ಮುಗಿದಿದೆ, ತಾಂತ್ರಿಕ ಕಾರಣ ಅಷ್ಟೇ ಅಂದಿತು ದೆಹಲಿ. ಚೀನಾದ ಜೊತೆ ಮಾತಾಡಲು ಹೋದದ್ದಕ್ಕೆ ಶಿಕ್ಷೆ ಅಂತ ಅಲ್ಲಿ ಬಹಳ ಜನ ಭಾವಿಸಿದರು. ಆಳುವ ಪಕ್ಷ ಸೋತಿತು. ಒಲೆಯ ಮೇಲಿನ ಅನ್ನ ಅರ್ಧಕ್ಕೆ ನಿಂತದ್ದನ್ನು ಯಾರೂ ಬೇಗ ಮರೆಯುವುದಿಲ್ಲ. ನಾಲ್ಕು ವರ್ಷ ಬಿಟ್ಟು ಡೋಕ್ಲಾಂ ಬಂತು: 2017ರಲ್ಲಿ 73 ದಿನ ಭಾರತ, ಚೀನಾ ಸೈನಿಕರು ಎದುರಾಬದುರು ನಿಂತದ್ದು ಭೂತಾನ ತನ್ನದು ಅನ್ನುವ ನೆಲದಲ್ಲಿ. ಅಂಥ ನೆರೆಮನೆಯವರು ಒಂದಿಷ್ಟು ಅಡಿಕೆ ತಗೊಳ್ಳಿ ಅಂದರೆ ದೆಹಲಿಯಲ್ಲಿ ಯಾರು ಬೇಡ ಅಂತಾರೆ ಹೇಳಿ.

ಈಗ ಲೆಕ್ಕ. ಹಸಿ ಅಡಿಕೆ 17,000 ಟನ್ ಅಂದರೆ ಕೇಳೋದಕ್ಕೆ ಭಾರೀ. ಸುಲಿದು ಬೇಯಿಸಿ ಒಣಗಿಸಿದರೆ ಏಳೆಂಟು ಕ್ವಿಂಟಲ್‌ಗೆ ಒಂದು ಕ್ವಿಂಟಲ್ ರಾಶಿ ಸಿಕ್ಕರೆ ಪುಣ್ಯ ಅನ್ನೋದು ತೋಟದ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತು. ಚಾಲಿ ಮಾಡಿದರೆ ಇನ್ನೊಂಚೂರು ಹೆಚ್ಚು. ಹಾಗೆ ನೋಡಿದರೆ ಇದು ಎರಡು-ಮೂರು ಸಾವಿರ ಟನ್ನಿನ ಮಾತು. ದೇಶದ ಬೆಳೆ ಹತ್ತು ಲಕ್ಷ ಟನ್ನಿಗೂ ಮೇಲಿದೆ. ಅರ್ಧ ಪರ್ಸೆಂಟೂ ಅಲ್ಲ. ಇದರಿಂದಲೇ ಶಿರಸಿಯ ತೋಟ ಮುಳುಗುತ್ತದೆ ಅನ್ನುವ ಭಾಷಣಗಳನ್ನು ನಾನು ನಂಬುವುದಿಲ್ಲ.

ಹೆದರಿಕೆ ಇರೋದು ಉಣಗೋಲು ತೆಗೆದಾಗ ಅದರ ಹಿಂದೆಯೇ ನುಗ್ಗುವ ದನಗಳದ್ದು. ಮೆಣಸಿನಕಾಳಿನಲ್ಲಿ ಇದನ್ನು ನಾವು ಕಂಡಾಗಿದೆ. ಶ್ರೀಲಂಕಾ ಜೊತೆ 1998ರಲ್ಲಿ ಸಹಿ ಹಾಕಿದ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಅಲ್ಲಿನ ಕಾಳಿಗೆ ಸುಂಕ ಕಡಿಮೆ ಆದದ್ದೇ ತಡ, ವಿಯೆಟ್ನಾಂ ಕಾಳು ಕೊಲಂಬೊ ಸುತ್ತಿ "ಶ್ರೀಲಂಕಾದ್ದು" ಅಂತ ಹೆಸರಿಟ್ಟುಕೊಂಡು ಬರುತ್ತಿದೆ ಅಂತ ಬೆಳೆಗಾರರು ವರ್ಷಗಟ್ಟಲೆ ಕೂಗಿದರು. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಬೆಲೆ ಹಾಕಿದರು. ಅಡಿಕೆಯದ್ದೂ ಇದೇ ಕತೆ. ಮ್ಯಾನ್ಮಾರ್ ಅಡಿಕೆ ಈಶಾನ್ಯದ ಗಡಿಯಲ್ಲಿ ಸಿಕ್ಕಿಬೀಳುವ ಸುದ್ದಿ ಆಗಾಗ ಓದುತ್ತೇವೆ. ಸಿಕ್ಕಿಬೀಳದ್ದು ಸುದ್ದಿಯಾಗೋದಿಲ್ಲ, ನೇರ ಮಾರುಕಟ್ಟೆಗೆ ಹೋಗುತ್ತದೆ.

ಇದರಲ್ಲಿ ಬರೀ ನಾವೇ ಬಲಿಪಶುಗಳು ಅಂತಲೂ ಅಲ್ಲ. 2019ರ ಸೆಪ್ಟೆಂಬರ್ ಕೊನೆಗೆ ಭಾರತ ಈರುಳ್ಳಿ ರಫ್ತು ನಿಲ್ಲಿಸಿದಾಗ ಢಾಕಾದಲ್ಲಿ ಬೆಲೆ ಗಗನಕ್ಕೆ ಹೋಯಿತು. ಶೇಖ್ ಹಸೀನಾ ದೆಹಲಿಗೇ ಬಂದು, ನಮ್ಮ ಅಡುಗೆಯವರಿಗೆ ಈರುಳ್ಳಿ ಹಾಕಬೇಡ ಅಂದಿದ್ದೇನೆ, ಮೊದಲೇ ಒಂದು ಮಾತು ಹೇಳಬಾರದಿತ್ತೇ ಎಂಬರ್ಥದಲ್ಲಿ ನಗುತ್ತಲೇ ಚುಚ್ಚಿದ್ದರು. ನಮ್ಮ ಫೀಲ್ಡಿನವರಿಗೆ ಇದು ಬೇಗ ಅರ್ಥ ಆಗುತ್ತದೆ. ಬೇರೆ ಟೀಮಿನವರು ಹೇಳದೆ ಕೇಳದೆ ಶುಕ್ರವಾರ ಸಂಜೆ ಎಪಿಐ ಬದಲಿಸಿದರೆ ವೀಕೆಂಡು ಯಾರದ್ದು ಹಾಳಾಗುತ್ತದೆ?

ನನ್ನ ತಕರಾರು ಭೂತಾನದ ರೈತನ ಮೇಲಲ್ಲ. ಅವನೂ ನಮ್ಮ ಹಾಗೆಯೇ ಮಳೆ, ಮರ, ರೇಟು ನೋಡಿಕೊಂಡಿರುವವನು. ತಕರಾರು ಬಿಲ್ಲಿನ ಮೇಲೆ. 2018ರಿಂದ 2023ರ ಅವಧಿಗೆ ಭಾರತ ಭೂತಾನಕ್ಕೆ 4,500 ಕೋಟಿ ಕೊಟ್ಟಿತು, ಮುಂದಿನ ಐದು ವರ್ಷಕ್ಕೆ 10,000 ಕೋಟಿ ಅಂತ 2024ರಲ್ಲಿ ಘೋಷಿಸಿತು. ಕೊಡಲಿ, ಅದು ಬಜೆಟ್ಟಿನಲ್ಲಿ ಕಾಣುತ್ತದೆ, ದೇಶದವರೆಲ್ಲ ಸೇರಿ ಕಟ್ಟುತ್ತೇವೆ. ಅಡಿಕೆ ರಿಯಾಯಿತಿಗೆ ಮಾತ್ರ ಬಿಲ್ಲೇ ಇಲ್ಲ. ಅದರ ಪಾಲು ಏನಾದರೂ ಇದ್ದರೆ ಬೀಳೋದು ಎರಡೆಕರೆ ತೋಟದವನ ಮೇಲೆ, ಅದೂ ಎಲೆಚುಕ್ಕೆ ರೋಗಕ್ಕೆ ಮದ್ದು ಹೊಡೆಸಿ, ಸಿಗದ ಕೊನೆಗೌಡನ ಮನೆಗೆ ನಾಲ್ಕು ಸಲ ಓಡಾಡಿ ಸುಸ್ತಾದವನ ಮೇಲೆ.

ಹಾಗಾಗಿ ಆಮದು ನಿಲ್ಲಿಸಿ ಅಂತ ಮನವಿ ಕೊಡೋದಕ್ಕಿಂತ ಇನ್ನೊಂದು ಕೇಳೋದು ಒಳ್ಳೆಯದು ಅನ್ನಿಸುತ್ತದೆ. ಈ ವರ್ಷ ಜೈಗಾಂವ್‌ನಲ್ಲಿ ಎಷ್ಟು ಟನ್ ದಾಟಿತು, ಯಾರ ಹೆಸರಿಗೆ, ಹಸಿಯೋ ಒಣಗಿದ್ದೋ, ಕೋಟಾದಲ್ಲಿ ಇನ್ನೆಷ್ಟು ಬಾಕಿ, ಇಷ್ಟನ್ನು ವಾರಕ್ಕೊಮ್ಮೆ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಯಲ್ಲಾಪುರ, ಸಿದ್ದಾಪುರ, ಶಿರಸಿಯ ಅಡಿಕೆಗೆ 2019ರಲ್ಲಿ 'ಶಿರಸಿ ಸುಪಾರಿ' ಅಂತ ಭೌಗೋಳಿಕ ಗುರುತು ಸಿಕ್ಕಾಗ ನಮ್ಮ ಅಡಿಕೆ ಎಲ್ಲಿಯದು ಅಂತ ಕಾಗದ ಪತ್ರ ಕೊಟ್ಟೇ ಸಾಬೀತು ಮಾಡಿದ್ದೆವು. ಗಡಿ ದಾಟುವ ಲಾರಿಗೂ ಅದೇ ಪ್ರಶ್ನೆ ಕೇಳಲಿ. ತಾಂತ್ರಿಕವಾಗಿ ಇದು ನನ್ನಂಥ ಇಬ್ಬರು ಒಂದು ತಿಂಗಳು ಕೂತು ಮಾಡುವ ಕೆಲಸ. ಅಂಕಿ ಕೊಡಲು ಒಪ್ಪುವವರು ಬೇಕು, ಅಷ್ಟೇ.