ಮನೆಯ ಮಾತು: ನಿಧಾನಕ್ಕೆ ನಿದಾನವೇ ಮೊದಲ ಮದ್ದು

ಶಿರೋನಾಮವನ್ನು ಕಂಡು ವಾಚಕರು ಅಚ್ಚಿನ ದೋಷವೆಂದು ತಿಳಿಯಬಾರದು. ‘ಧ’ಕಾರದ ‘ನಿಧಾನ’ಕ್ಕೆ ಕನ್ನಡದಲ್ಲಿ ಮೆಲ್ಲನೆಯ ನಡೆ ಎಂದರ್ಥ; ‘ದ’ಕಾರದ ‘ನಿದಾನ’ಕ್ಕೆ ರೋಗದ ಮೂಲಕಾರಣ, ಅದನ್ನು ಗೊತ್ತುಮಾಡುವ ಕ್ರಮ ಎಂದರ್ಥ. ಈ ಎರಡನ್ನೂ ಬೇರೆ ಬೇರೆಯಾಗಿ ಬರೆಯಿಸುವದಕ್ಕಾಗಿ ಮೂವತ್ತು ವರ್ಷಗಳಿಗೂ ಮಿಕ್ಕಿ ನಾವು ಸಾಲೆಯ ಹುಡುಗರ ಪಾಟಿಗಳನ್ನು ತಿದ್ದಿದೆವು. ಆದರೆ ಅವುಗಳ ಭೇದವನ್ನು ನಮಗೇ ಚೆನ್ನಾಗಿ ಕಲಿಸಿದ್ದು ನಮ್ಮ ಮನೆಯ ಗಣಕಯಂತ್ರವು. ಆ ಪಾಠಕ್ಕೆ ನಾವು ತೆತ್ತ ಶುಲ್ಕವು ಸಣ್ಣದಲ್ಲ. ವಾಚಕರಾದರೂ ಅದನ್ನು ತೆರದಿರಲೆಂದು ಈ ತಿಂಗಳ ಮಾತನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ತುಕ್ಕಾನಟ್ಟಿಯ ನಮ್ಮ ಮನೆಯ ಪಡಸಾಲೆಗೆ ಈ ಯಂತ್ರವು ಬಂದದ್ದು 2016ರಲ್ಲಿ. ಮಡಚಿ ಇಡಬಹುದಾದ ಲ್ಯಾಪ್‌ಟಾಪ್ ಅದು. ಮಗಳ ಅಭ್ಯಾಸ, ಹೊಲದ ಪಹಣಿ, ವಿದ್ಯುತ್ತಿನ ಬಿಲ್ಲು, ಊರವರ ಅರ್ಜಿಗಳು, ಕಡೆಗೆ ಈ ಅಂಕಣದ ಹಸ್ತಪ್ರತಿ ಎಲ್ಲವೂ ಅದರಲ್ಲಿಯೇ. ಇವೆಲ್ಲವುಗಳಿಗಿಂತ ಹೆಚ್ಚಿನದೊಂದೂ ಅದರಲ್ಲಿತ್ತು. ನಮ್ಮ ತಾಯಿಯವರು ತಮ್ಮ ಕಡೆಯ ವರ್ಷಗಳಲ್ಲಿ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತು ಹಾಡಿದ ಬೀಸುವ ಕಲ್ಲಿನ ಪದಗಳನ್ನು ಮಗಳು ಧ್ವನಿಮುದ್ರಿಸಿ ಇಟ್ಟಿದ್ದಳು. ಒಟ್ಟು 22 ಪದಗಳು. ತಾಯಿಯವರು ಈಗ ಇಲ್ಲ.

ಒಂದು ಚಳಿಗಾಲದಿಂದ ಯಂತ್ರದ ನಡೆಯು ಮಂದವಾಗುತ್ತ ಬಂದಿತು. ಗುಂಡಿಯನ್ನೊತ್ತಿ, ಚಹಕ್ಕೆ ಎಸರಿಟ್ಟು, ಕುದಿಸಿ, ಸೋಸಿ, ಕುಡಿದು ಬಂದರೂ ತೆರೆಯ ಮೇಲಿನ ಆ ಉಂಗುರವು ತಿರುಗುತ್ತಲೇ ಇರುವದು. ಒಂದು ದಿನ ಗಡಿಯಾರವನ್ನಿಟ್ಟು ಎಣಿಸಿದೆವು. 11 ನಿಮಿಷ ಹಿಡಿಯಿತು. ವಯಸ್ಸಾದ ಮೇಲೆ ಮನುಷ್ಯರೂ ಮೆಲ್ಲಗೆ ಏಳುವರಲ್ಲವೇ ಎಂದು ಸಮಾಧಾನ ಮಾಡಿಕೊಂಡೆವು. ಮಗಳ ಅರ್ಜಿಯೊಂದಕ್ಕೆ ಕಡೆಯ ದಿನ ಬಂದು, ಅರ್ಧಕ್ಕೆ ಯಂತ್ರವು ಕಲ್ಲಿನಂತೆ ನಿಂತು, ಆಕೆ ನೆರೆಯೂರಿಗೆ ಓಡಿಹೋಗಿ ಅದನ್ನು ತುಂಬಿ ಬಂದ ಮೇಲೆ ಮಾತ್ರ ಚಿಕಿತ್ಸೆಗೆ ತೊಡಗಿದೆವು.

ಆ ಚಿಕಿತ್ಸೆಯನ್ನು ಹೇಳಲು ನಾಚಿಕೆಯಾಗುವದು. ಓಣಿಯ ಹುಡುಗನೊಬ್ಬನು ಯಂತ್ರದ ವೇಗವನ್ನು ಹೆಚ್ಚಿಸುವದೆಂದು ಹೇಳಿಕೊಳ್ಳುವ ಪುಕ್ಕಟೆ ತಂತ್ರಾಂಶವೊಂದನ್ನು ಹಾಕಿಕೊಟ್ಟನು. ಅದು ಎರಡು ತಾಸು ಯಂತ್ರವನ್ನೆಲ್ಲ ಜಾಲಾಡಿ, ಸಾವಿರಾರು ದೋಷಗಳಿವೆಯೆಂದೂ ಹಣ ಕೊಟ್ಟರೆ ತಿದ್ದುವೆನೆಂದೂ ಕೆಂಪಕ್ಷರದಲ್ಲಿ ಸಾರಿತು. ಇನ್ನೊಬ್ಬನು ವೈರಸ್ಸಿನ ಶಂಕೆಯಿಂದ ಮೊದಲಿದ್ದ ಕಾವಲುಗಾರನ ಮೇಲೆ ಎರಡನೆಯ ಕಾವಲುಗಾರನನ್ನು ಇರಿಸಿದನು. ಇಬ್ಬರೂ ಕೂಡಿ ಬಾಗಿಲಲ್ಲಿ ಬಂದ ಪ್ರತಿಯೊಂದನ್ನೂ ಎರಡೆರಡು ಸಲ ತಡೆದು ನೋಡತೊಡಗಿದರು. ಸಮೀಪದ ಪಟ್ಟಣದ ಅಂಗಡಿಯವರು ಮುಚ್ಚಳವನ್ನೂ ತೆರೆಯದೆ, ಇದು ಗುಜರಿ, ಹೊಸದನ್ನು ಕೊಳ್ಳಿರಿ ಎಂದು ತೀರ್ಪಿತ್ತರು. ಹೀಗೆ ಆರು ವಾರಗಳು ಕಳೆದವು. ಮೂವರಲ್ಲಿ ಒಬ್ಬರೂ ಯಂತ್ರವು ಏತಕ್ಕೆ ನಿಧಾನವಾಗಿದೆಯೆಂದು ಕೇಳಲಿಲ್ಲ, ನಾವೂ ಕೇಳಲಿಲ್ಲ.

ಆಗ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಹಬ್ಬಕ್ಕೆಂದು ಊರಿಗೆ ಬಂದವನು ಮನೆಗೂ ಬಂದನು. ಶಬ್ದರೂಪಗಳನ್ನು ಎಂದೂ ತಪ್ಪಿಲ್ಲದೆ ಒಪ್ಪಿಸಿದವನಲ್ಲ. ಆದರೆ ಬೆಳಗಾವಿಯಲ್ಲಿ ಗಣಕಯಂತ್ರಗಳನ್ನು ರಿಪೇರಿ ಮಾಡುವದರಲ್ಲಿ ಕೈ ಪಳಗಿದವನು. ಯಂತ್ರವನ್ನು ತೆರೆದು ಒಂದು ಪಟ್ಟಿಯನ್ನು ನೋಡಿದನು. ಅದರ ಒಡಲಿಗೆ ಕಿವಿಗೊಟ್ಟನು. ಒಳಗೆ ಟಿಕ್ ಟಿಕ್ ಎಂಬ ಸಣ್ಣ ಸಪ್ಪಳವಿತ್ತು. ವೇಗದ ಮಾತನ್ನೇ ಎತ್ತದೆ, “ಮಾಸ್ತರರೇ, ಮತ್ತೆ ಸಿಗಲಾರದಂಥದ್ದು ಇದರೊಳಗೆ ಏನಿದೆ?” ಎಂದು ಕೇಳಿದನು. ನಾವು ಮಗಳ ಮುಖವನ್ನು ನೋಡಿದೆವು.

ಯಂತ್ರವು ಮುದಿಯಾಗಿರಲಿಲ್ಲ, ಅದರ ಹಾರ್ಡ್ ಡಿಸ್ಕ್ ಸಾಯುತ್ತಿತ್ತು. ಆತನು ಅಂದು ರಾತ್ರಿಯೆಲ್ಲ ಕುಳಿತು, ಬೇರೆ ಡಿಸ್ಕೊಂದಕ್ಕೆ ಒಂದೊಂದನ್ನೇ ನಕಲು ಮಾಡಿದನು. 22 ಪದಗಳಲ್ಲಿ 19 ಬಂದವು. ಮೂರು ಬರಲಿಲ್ಲ. ಮೊದಲ ವಾರದಲ್ಲಿಯೇ ನಕಲು ಮಾಡಿದ್ದರೆ ಎಲ್ಲವೂ ಬರುತ್ತಿದ್ದವೇನೋ. ಪ್ರಾಣಸಂಕಟದಲ್ಲಿದ್ದ ಡಿಸ್ಕನ್ನು ನಾವು ವೇಗದ ಹೆಸರಿನಲ್ಲಿ ಆರು ವಾರ ಓಡಿಸಿದೆವು.

ಮಾಧವಕರನ ‘ರೋಗವಿನಿಶ್ಚಯ’ವೆಂಬ ವೈದ್ಯಗ್ರಂಥವಿದೆ, ‘ಮಾಧವನಿದಾನ’ವೆಂದೇ ಅದು ಪ್ರಸಿದ್ಧವು. ಅದರಲ್ಲಿ ಔಷಧಗಳ ವಿಧಾನವಿಲ್ಲ. ರೋಗಗಳ ಕಾರಣ ಲಕ್ಷಣಗಳ ವಿವೇಚನೆಯಷ್ಟೇ ಇದೆ. ಚಿಕಿತ್ಸೆಯನ್ನು ಹೇಳದ ವೈದ್ಯಗ್ರಂಥವೇತಕ್ಕೆಂದು ವಿದ್ಯಾರ್ಥಿದೆಸೆಯಲ್ಲಿ ನಾವು ನಕ್ಕದ್ದುಂಟು. ಈಗ ನಗುವದಿಲ್ಲ. ನಮ್ಮ ಸೀಮೆಯ ಒಕ್ಕಲಿಗನೂ ಈ ತತ್ತ್ವವನ್ನು ಬಲ್ಲನು. ಧೂಪದಾಳದ ಒಡ್ಡಿನಿಂದ ಹೊರಟ ಘಟಪ್ರಭೆಯ ನೀರು ಕೊನೆಯ ಹೊಲಕ್ಕೆ ಮುಟ್ಟದಿದ್ದರೆ ಆತನು ಒಡ್ಡನ್ನೇ ಹೊಸದಾಗಿ ಕಟ್ಟಿರೆನ್ನುವದಿಲ್ಲ. ಸಲಿಕೆಯನ್ನು ಹೆಗಲಿಗಿಟ್ಟು ಕಾಲುವೆಯ ದಂಡೆಗುಂಟ ನಡೆದು, ಎಲ್ಲಿ ಹೂಳು ತುಂಬಿದೆ, ಎಲ್ಲಿ ಕಸ ಕಟ್ಟಿದೆ ಎಂದು ನೋಡುವನು. ಗಣಕಯಂತ್ರದಲ್ಲಿಯೂ ಹಾಗೆಯೇ ನಡೆದು ನೋಡಬೇಕು.

ನೋಡತಕ್ಕ ಸ್ಥಾನಗಳು ಮುಖ್ಯವಾಗಿ ಮೂರು. ಪ್ರೊಸೆಸರ್ ಎಂಬುದು ಅಡಿಗೆ ಮಾಡುವವರ ಕೈ. ರ‍್ಯಾಮ್ ಎಂಬ ಸ್ಮೃತಿಯು ಒಲೆಯ ಪಕ್ಕದ ಹಲಗೆ. ಸದ್ಯಕ್ಕೆ ಬೇಕಾದುದೆಲ್ಲ ಅದರ ಮೇಲೆ. ಡಿಸ್ಕ್ ಎಂಬುದು ಹಿತ್ತಿಲ ಕಡೆಯ ಉಗ್ರಾಣ. ಹಲಗೆಯು ಸಣ್ಣದಾಗಿದ್ದರೆ ಅಡಿಗೆಯವರು ಮಾತುಮಾತಿಗೆ ಉಗ್ರಾಣಕ್ಕೆ ಓಡಬೇಕಾಗುವದು. ಆ ಓಟದ ಬೆಲೆ ಎಷ್ಟೆಂಬುದನ್ನು ಲೆಕ್ಕ ಮಾಡಿ ನೋಡೋಣ. ಹಳೆಯ ಲ್ಯಾಪ್‌ಟಾಪುಗಳ ಹಾರ್ಡ್ ಡಿಸ್ಕಿನೊಳಗೆ ನಿಜವಾಗಿಯೂ ಒಂದು ತಟ್ಟೆಯು ನಿಮಿಷಕ್ಕೆ 5,400 ಸುತ್ತು ತಿರುಗುತ್ತಿರುವದು. ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಸ್ಥಳವು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು. ಮುಳ್ಳು ತಾನು ಸರಿದು ನಿಲ್ಲಲು ಇನ್ನೂ ಹತ್ತರ ಸುಮಾರು. ಒಟ್ಟಿಗೆ 15 ಮಿಲಿಸೆಕೆಂಡೆಂದು ಹಿಡಿಯಿರಿ. ಇದೇ ಕೆಲಸಕ್ಕೆ ರ‍್ಯಾಮಿಗೆ ಹಿಡಿಯುವದು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಕಾಲ; ಎಂದರೆ ಲಕ್ಷಕ್ಕೂ ಮಿಕ್ಕಿದ ಪಟ್ಟು ಅಂತರ. ಹಲಗೆಯ ಮೇಲಿನ ಡಬ್ಬಿಯನ್ನು ತೆಗೆದುಕೊಳ್ಳಲು ಒಂದು ಸೆಕೆಂಡಾದರೆ ಉಗ್ರಾಣಕ್ಕೆ ಹೋಗಿ ಬರಲು 41 ತಾಸು! ತಿರುಗುವ ತಟ್ಟೆಯಿಲ್ಲದ, ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಾದರೋ ಇದೇ ಲೆಕ್ಕದಲ್ಲಿ ಅರ್ಧ ತಾಸಿನೊಳಗೇ ಮರಳುವದು. ಹಳೆಯ ಯಂತ್ರಕ್ಕೆ ಇದೊಂದನ್ನು ಹಾಕಿದೊಡನೆ ಜೀವ ಬಂದಂತಾಗುವ ರಹಸ್ಯವು ಇಷ್ಟೇ.

ಇನ್ನು ನಿದಾನದ ಕ್ರಮ. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿಯು ತೆರೆಯುವದು. ನಮ್ಮ ವಿದ್ಯಾರ್ಥಿಯು ಮೊದಲು ನೋಡಿದ್ದು ಅದನ್ನೇ. ಅದರಲ್ಲಿ ಪ್ರೊಸೆಸರ್, ಸ್ಮೃತಿ, ಡಿಸ್ಕ್ ಈ ಮೂರರಲ್ಲಿ ಯಾವುದು ನೂರಕ್ಕೆ ನೂರರ ಹತ್ತಿರ ಬಿಡದೆ ನಿಂತಿದೆಯೋ ಅಲ್ಲಿಯೇ ಹೂಳು. ಸ್ಮೃತಿಯು ತುಂಬಿದ್ದರೆ, ತೆರೆದಿಟ್ಟ ಜಾಲಪುಟಗಳನ್ನು ಮುಚ್ಚಿರಿ. ಅದೇ ಪಟ್ಟಿಯ ಸ್ಟಾರ್ಟಪ್ ವಿಭಾಗದಲ್ಲಿ, ಯಂತ್ರವು ಏಳುವಾಗಲೇ ಕರೆಯದೆ ಏಳುವ ತಂತ್ರಾಂಶಗಳ ಹೆಸರುಗಳಿರುವವು. ಕಾವಲುಗಾರನೊಬ್ಬನನ್ನು ಬಿಟ್ಟು, ಬೇಡವಾದವುಗಳನ್ನು ಅಲ್ಲಿ ತಡೆಯಬಹುದು. ಕಾವಲುಗಾರನು ಒಬ್ಬನೇ ಸಾಕು. ವಿಂಡೋಸಿನಲ್ಲಿ ಅವನು ಮೊದಲೇ ಇರುವನು. ಅಷ್ಟಾದರೂ ಹಲಗೆಯು ಸಾಲದಿದ್ದರೆ ಇನ್ನಷ್ಟು ರ‍್ಯಾಮನ್ನು ಹಾಕಿಸತಕ್ಕದ್ದು.

ಡಿಸ್ಕ್ ನೂರರಲ್ಲಿ ನಿಂತಿದ್ದರೆ ಮೊದಲು ಅದರಲ್ಲಿ ತೆರವು ಎಷ್ಟಿದೆಯೆಂದು ನೋಡಿರಿ; ಐದರಲ್ಲೊಂದು ಪಾಲಾದರೂ ಬರಿದಾಗಿರುವದು ಒಳ್ಳೆಯದು. ಸೆಟ್ಟಿಂಗ್ಸಿನ ಸ್ಟೋರೇಜ್ ವಿಭಾಗದಲ್ಲಿ ತಾತ್ಕಾಲಿಕ ಕಡತಗಳನ್ನು ಅಳಿಸುವ ಅನುಕೂಲವಿದೆ. ಆದರೆ ಆ ಯಾದಿಯಲ್ಲಿ ‘ಡೌನ್‌ಲೋಡ್ಸ್’ ಎಂಬ ಹೆಸರೂ ಇರುವದು. ಮಕ್ಕಳ ಗುಣಪತ್ರ, ಪಹಣಿ ಮೊದಲಾದವು ಹೆಚ್ಚಾಗಿ ಅಲ್ಲಿಯೇ ಬಿದ್ದಿರುವದರಿಂದ ನೋಡದೆ ಅದಕ್ಕೆ ಗುರುತು ಹಾಕಬಾರದು. ಪ್ರೊಸೆಸರೇ ದಣಿದಿದ್ದರೆ ಕಾವನ್ನು ಶಂಕಿಸಿರಿ. ಮಿತಿಮೀರಿ ಬಿಸಿಯಾದ ಪ್ರೊಸೆಸರು ತನ್ನನ್ನು ಕಾಯ್ದುಕೊಳ್ಳಲು ತಾನೇ ವೇಗವನ್ನಿಳಿಸುವದು. ಬೇಸಗೆಯಲ್ಲಿ ಯಂತ್ರವನ್ನು ಕೌದಿಯ ಮೇಲಿಟ್ಟು ಅದರ ಉಸಿರುಗಂಡಿಯನ್ನು ಮುಚ್ಚಿ, ಮೇಲೆ ಅದನ್ನೇ ನಿಂದಿಸುವದು ನ್ಯಾಯವಲ್ಲ. ಮರದ ಹಲಗೆಯ ಮೇಲಿಡಿರಿ; ಒಳಗಿನ ಪಂಖದ ಧೂಳನ್ನು ವರ್ಷಕ್ಕೊಮ್ಮೆ ತೆಗೆಯಿಸಿರಿ.

ಇನ್ನೊಂದು ಸಣ್ಣ ಸಂಗತಿಯನ್ನು ಬಹು ಜನರು ಅರಿಯರು. ವಿಂಡೋಸ್ 8ರಿಂದೀಚೆಗೆ ‘ಶಟ್ ಡೌನ್’ ಎಂದು ಒತ್ತಿದರೆ, ಮರುದಿನ ಬೇಗನೆ ಏಳಲೆಂದು ಯಂತ್ರವು ತನ್ನ ಒಳಗಿನ ಸ್ಥಿತಿಯನ್ನು ಸಾಮಾನ್ಯವಾಗಿ ಹಾಗೆಯೇ ಬರೆದಿಟ್ಟುಕೊಳ್ಳುವದು. ನಿನ್ನೆಯ ತೊಡಕು ಇಂದಿಗೂ ಬರುವದು. ‘ರೀಸ್ಟಾರ್ಟ್’ ಎಂದೊತ್ತಿದರೆ ಮಾತ್ರ ಎಲ್ಲವೂ ಹೊಸತಾಗಿ ಆರಂಭವಾಗುವದು. ವಾರಕ್ಕೊಮ್ಮೆ ಹೀಗೆ ಮಾಡುವದಕ್ಕೆ ಕಾಸಿನ ಖರ್ಚಿಲ್ಲ.

ಇಷ್ಟೆಲ್ಲ ಮಾಡಿದರೂ ಹಳೆಯ ಯಂತ್ರಗಳು ಕಾಲಕ್ರಮದಲ್ಲಿ ಭಾರವಾಗುವವೇಕೆ? ದೋಷವು ಯಂತ್ರದ್ದಷ್ಟೇ ಅಲ್ಲ. ಸ್ವಿಜರ್ಲೆಂಡಿನ ಗಣಕವಿಜ್ಞಾನಿ ನಿಕ್ಲಾಸ್ ವಿರ್ತ್ ಎಂಬವರು 1995ರಲ್ಲಿಯೇ, ಯಂತ್ರಗಳ ವೇಗವು ಹೆಚ್ಚುವದಕ್ಕಿಂತ ಬೇಗನೆ ತಂತ್ರಾಂಶಗಳ ಮಾಂದ್ಯವು ಹೆಚ್ಚುತ್ತಿದೆಯೆಂದು ಎಚ್ಚರಿಸಿದರು. ಅದೇ ವರ್ಷ ಹೊರಬಂದ ವಿಂಡೋಸ್ 95ಕ್ಕೆ ಕನಿಷ್ಠ 4 ಮೆಗಾಬೈಟ್ ಸ್ಮೃತಿಯು ಸಾಕಾಗಿತ್ತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟ್ ಬೇಕು. ಇಪ್ಪತ್ತಾರು ವರ್ಷಗಳಲ್ಲಿ 1,024 ಪಟ್ಟು! ಅರ್ಜಿ ಬರೆಯುವ ಗೃಹಸ್ಥನ ಅವಶ್ಯಕತೆಯು ಅಷ್ಟು ಪಟ್ಟು ಬೆಳೆದಿದೆಯೆಂದು ನಮಗೆ ತೋರುವದಿಲ್ಲ.

ವಿಂಡೋಸ್ 10ಕ್ಕೆ ಅದರ ಕಂಪನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಯಂತ್ರದಂಥ ಹಳೆಯ ಪ್ರೊಸೆಸರುಗಳನ್ನು ವಿಂಡೋಸ್ 11 ತನ್ನ ಯಾದಿಯಲ್ಲಿ ಸೇರಿಸಿಕೊಂಡಿಲ್ಲ. ಹೊಸದನ್ನು ಕೊಳ್ಳಲೇಬೇಕೆಂದು ಅಂಗಡಿಯವರು ಹೇಳಿದ್ದರಲ್ಲಿ ಇಷ್ಟು ಸತ್ಯಾಂಶವುಂಟು. ಆದರೆ ಇನ್ನೊಂದು ದಾರಿಯೂ ಇತ್ತು. ನಮ್ಮ ವಿದ್ಯಾರ್ಥಿಯು ಎಸ್‌ಎಸ್‌ಡಿ ಹಾಕಿ, 4 ಗಿಗಾಬೈಟ್ ಇದ್ದ ರ‍್ಯಾಮನ್ನು 8 ಮಾಡಿ, ಲಿನಕ್ಸ್ ಮಿಂಟ್ ಎಂಬ, ಬೆಲೆಯಿಲ್ಲದ ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸಿದನು. ಈಗ ಯಂತ್ರವು ಅರ್ಧ ನಿಮಿಷದೊಳಗೆ ಏಳುವದು. ಚಹದ ನೀರು ಬಿಸಿಯೂ ಆಗಿರುವದಿಲ್ಲ. ಕನ್ನಡದವರು ಇಲ್ಲಿ ಒಂದು ಜೋಕೆಯನ್ನು ಮಾಡಬೇಕು. ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಬರವಣಿಗೆಯು ಯೂನಿಕೋಡ್ ಅಲ್ಲ. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಲಿಪಿಯ ರಾಶಿಯಾಗಿ ಕಾಣುವದು. ಹಳೆಯ ವ್ಯವಸ್ಥೆಯನ್ನು ಅಳಿಸುವ ಮೊದಲೇ ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡಿರಬೇಕು.

ಕಡೆಗೆ ಒಂದು ಮಾತು. ‘ನಿಧಾನ’ವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಮೆಲ್ಲಗೆ ಎಂಬರ್ಥವಿಲ್ಲ, ಜೋಪಾನವಾಗಿ ಇಟ್ಟದ್ದು, ನಿಕ್ಷೇಪ, ನಿಧಿ ಎಂದು ಅದರ ಅರ್ಥ. ಯಂತ್ರವು ಒಮ್ಮಿಂದೊಮ್ಮೆ ಮಂದವಾದರೆ, ನಕಲು ಮಾಡುವಾಗ ನಡುವೆ ನಿಂತರೆ, ಒಡಲಲ್ಲಿ ಟಿಕ್ ಟಿಕ್ ಎಂದರೆ, ಮೊದಲು ನೆನೆಯಬೇಕಾದದ್ದು ವೇಗವನ್ನಲ್ಲ, ಈ ಅರ್ಥವನ್ನು. ಅದರಲ್ಲಿರುವ ನಿಧಿಯನ್ನು ಅಂದೇ ಹೊರಗೆ ತೆಗೆಯಿರಿ. ಒಂದು ನಕಲು ಬೇರೆ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿರಲಿ. ಯಂತ್ರವನ್ನು ಕೊಳ್ಳಬಹುದು, ವೇಗವನ್ನೂ ಕೊಳ್ಳಬಹುದು.

ತಾಯಿಯವರ 19 ಪದಗಳು ಈಗ ಮೂರು ಕಡೆ ಇವೆ. ಹೋದ ಮೂರರಲ್ಲಿ ಒಂದು ನಮ್ಮ ಅಕ್ಕನಿಗೆ ಬಾಯಿಪಾಠವಿದೆ. ಬರುವ ಪಂಚಮಿಗೆ ಆಕೆ ತವರಿಗೆ ಬಂದಾಗ ಪಡಸಾಲೆಯಲ್ಲಿ ಕೂಡ್ರಿಸಿ ಹಾಡಿಸಬೇಕೆಂದು ಮಗಳು ಈಗಲೇ ಹೇಳಿ ಇಟ್ಟಿದ್ದಾಳೆ.