ದೀಪವೂ ಅದರ ಕನ್ನಡಿಯೂ

ಕಳೆದ ಬೇಸಿಗೆಯ ಒಂದು ರಾತ್ರಿ ಗದುಗಿನಿಂದ ಮುಳಗುಂದ ಮಾರ್ಗವಾಗಿ ಲಕ್ಷ್ಮೇಶ್ವರಕ್ಕೆ ಹೊರಟಿದ್ದೆವು. ನಮ್ಮ ಹಳೆಯ ಕಾರಿಗೆ ಆ ವಾರವಷ್ಟೇ ಪ್ರಖರವಾದ ಎಲ್‌ಇಡಿ ಬಲ್ಬುಗಳನ್ನು ಹಾಕಿಸಿದ್ದೆವು. ಎದುರಿನಿಂದ ಬಂದ ಬೈಕಿನ ಸವಾರರೊಬ್ಬರು ಕಣ್ಣಿಗೆ ಕೈ ಅಡ್ಡ ಹಿಡಿದು, ತೂರಾಡುತ್ತ ರಸ್ತೆಯ ಅಂಚಿಗಿಳಿದರು. ಹಿಂದೆ ತಾಯಿ, ಅವಳ ಮಡಿಲಲ್ಲಿ ಕೂಸು. ಪುಣ್ಯಕ್ಕೆ ಯಾರೂ ಬೀಳಲಿಲ್ಲ. ನಾವು ದೀಪವನ್ನು ಡಿಪ್ ಮಾಡಿಯೇ ಇದ್ದೆವು. ಆದರೂ ಹೀಗೇಕಾಯಿತು?

ಕಂದೀಲಿನ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಕಾರಿನ ಬಲ್ಬಿನದೂ ಅದೇ ಸ್ವಭಾವ. ಚೆಲ್ಲಿದ ಬೆಳಕನ್ನು ಕೂಡಿಸಿ ದಾರಿಗೆ ಹಚ್ಚುವುದು ಅದರ ಹಿಂದಿರುವ ಬಟ್ಟಲಿನಾಕಾರದ ಪ್ರತಿಫಲಕ. ಆ ಬಟ್ಟಲಿಗೆ ನಾಭಿಯೆಂಬ ಒಂದು ಬಿಂದುವುಂಟು. ಅಲ್ಲಿ ಹುಟ್ಟಿದ ಕಿರಣಗಳು ಪ್ರತಿಫಲಿಸಿ, ಒಂದಕ್ಕೊಂದು ಸಮಾಂತರವಾಗಿ ದೂರ ಸಾಗುತ್ತವೆ.

ಅನೇಕ ಕಾರುಗಳಲ್ಲಿರುವ ಎಚ್-4 ಹ್ಯಾಲೊಜೆನ್ ಬಲ್ಬಿನೊಳಗೆ ಎರಡು ತಂತುಗಳಿರುತ್ತವೆ: 60 ವಾಟಿನದು ದೂರದ ಬೆಳಕಿಗೆ, 55 ವಾಟಿನದು ಡಿಪ್‌ಗೆ. ಮೊದಲನೆಯದು ನಾಭಿಯಲ್ಲಿದ್ದರೆ ಎರಡನೆಯದು ತುಸು ಮುಂದಿರುತ್ತದೆ. ಅದರ ಕೆಳಗೊಂದು ಚಿಕ್ಕ ಲೋಹದ ತೊಟ್ಟಿಲು. ಬೆಳಕು ಬಟ್ಟಲಿನ ಕೆಳಭಾಗಕ್ಕೆ ಬೀಳದಂತೆ ಅದು ತಡೆಯುತ್ತದೆ. ಮೇಲ್ಭಾಗಕ್ಕೆ ಬಿದ್ದುದು ನೆಲದತ್ತ ಬಾಗುತ್ತದೆ. ಎದುರಿನವರ ಕಣ್ಣನ್ನು ಕಾಯುವುದು ಈ ಏರ್ಪಾಡೇ.

ತಂತುವಿನ ಅಳತೆಗೆ ರೂಪಿಸಿದ ಬಟ್ಟಲಿನಲ್ಲಿ ಬೇರೆ ಆಕಾರದ ಎಲ್‌ಇಡಿ ಕೂರಿಸಿದರೆ, ಒಂದೆರಡು ಮಿಲಿಮೀಟರಿನ ವ್ಯತ್ಯಾಸಕ್ಕೂ ಬೆಳಕು ಚದುರಿ ಮೇಲಕ್ಕೇರುತ್ತದೆ. ನಮ್ಮಿಂದಾದ ತಪ್ಪು ಇದೇ. ದೀಪದ ಕಿರಣ ಎದುರಿನವರ ಕಣ್ಣು ಕುಕ್ಕದಂತೆ ಕೆಳಗೆ ಬಾಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ವಿಧಿಸಿವೆ.

ಮರುದಿನವೇ ವಾಹನಕ್ಕೆ ಒಪ್ಪುವ ಬಲ್ಬನ್ನು ಮರಳಿ ಹಾಕಿಸಿದೆವು. ಓದುಗರೂ ಸಂಜೆಗತ್ತಲಲ್ಲಿ ಸಮನೆಲದ ಮೇಲೆ ಗೋಡೆಯೆದುರು ಕಾರು ನಿಲ್ಲಿಸಿ ಪರೀಕ್ಷಿಸಬಹುದು. ಡಿಪ್ ಬೆಳಕಿನ ಮೇಲಂಚು ಗೆರೆ ಎಳೆದಂತೆ ಸ್ಪಷ್ಟವಾಗಿ ಕಾಣಬೇಕು. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಕಾದು ಬೇಗ ಕೆಡುತ್ತದೆ. ಪ್ರತಿಫಲಕವೇ ಮಬ್ಬಾಗಿದ್ದರೆ ಬಲ್ಬು ಬದಲಿಸಿ ಫಲವಿಲ್ಲ. ದೀಪದ ಇಡೀ ಜೋಡಣೆಯನ್ನೇ ಬದಲಿಸಬೇಕಾದೀತು.

ಶಿರಹಟ್ಟಿ, ಮುಂಡರಗಿಯ ದಾರಿಗಳಲ್ಲಿ ರಾತ್ರಿ ಚಕ್ಕಡಿಗಳು ಬರುತ್ತವೆ. ಜಾತ್ರೆಯ ಕಾಲಕ್ಕೆ ಭಕ್ತರು ನಡೆದು ಬರುತ್ತಾರೆ. ನಮ್ಮ ದಾರಿಗೆ ಬೆಳಕಾದುದು ಅವರ ಕಣ್ಣಿಗೆ ಕತ್ತಲೆಯಾಗದಿರಲಿ.