ಸೈಕ್ಲೋಸ್ಟೈಲ್‌ನಿಂದ ಫೇಸ್‌ಬುಕ್‌ವರೆಗೆ

ಮೊನ್ನೆ ಹತ್ತನೆಯ ತರಗತಿಯಲ್ಲಿ ಕ್ರಿಯಾವರ್ಧಕಗಳ ವಿಷಯ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಸಾರ್, ಮೊಬೈಲ್ ಇಲ್ಲದ ಕಾಲದಲ್ಲಿ ಚಳವಳಿಗೆ ಜನರನ್ನು ಹೇಗೆ ಸೇರಿಸುತ್ತಿದ್ದರು?’ ಎಂದು ಕೇಳಿದ. ಪಾಠಕ್ಕೂ ಪ್ರಶ್ನೆಗೂ ಎಲ್ಲಿಯ ಸಂಬಂಧವೆಂದು ತರಗತಿಯೆಲ್ಲ ನಕ್ಕಿತು. ಆದರೆ ಸಂಬಂಧ ಇದೆ.

ಪೋಷಕರಲ್ಲಿ ಕೆಲವರಿಗಾದರೂ ಸೈಕ್ಲೋಸ್ಟೈಲ್ ಯಂತ್ರದ ನೆನಪಿರಬಹುದು. ಮೇಣ ಬಳಿದ ತೆಳು ಹಾಳೆಯ ಮೇಲೆ ಟೈಪ್ ಮಾಡಿದಾಗ ಅಕ್ಷರ ಬಿದ್ದಲ್ಲಿ ಮೇಣ ಸರಿಯುತ್ತದೆ. ಅಲ್ಲಿಂದ ಮಾತ್ರ ಶಾಯಿ ಇಳಿಯುತ್ತದೆ. ನಾವು ಬರೆದ ಎಷ್ಟೋ ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳು ಹೀಗೆಯೇ ಸಿದ್ಧವಾದವು.

1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲವೆಂದು ಬಂಧಿತರಾದರು. ಆ ರಾತ್ರಿಯೇ ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ, ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ನೆರವಿನಿಂದ, ಕಾಲೇಜಿನಲ್ಲಿದ್ದ ಇಂಥದೇ ಯಂತ್ರದಲ್ಲಿ ಹತ್ತಾರು ಸಾವಿರ ಕರಪತ್ರ ಅಚ್ಚು ಹಾಕಿದರು. ಸೋಮವಾರ ಬಸ್ ಹತ್ತಬೇಡಿ ಎಂಬುದು ಅದರ ಸಾರ. ಸೋಮವಾರ ಬಸ್ಸುಗಳು ಹೆಚ್ಚುಕಡಿಮೆ ಖಾಲಿ ಓಡಿದವು.

ಆದರೆ ಆ ಬಹಿಷ್ಕಾರ 381 ದಿನ ನಡೆದದ್ದು ಕರಪತ್ರದಿಂದಲ್ಲ. ಜನ ಮೈಲಿಗಟ್ಟಲೆ ನಡೆದರು. ಕಾರಿದ್ದವರು ಇಲ್ಲದವರನ್ನು ಕೂರಿಸಿಕೊಂಡು ಹೋದರು. ಚರ್ಚುಗಳಲ್ಲಿ ಸಭೆ ಸೇರಿ ಚಂದಾ ಎತ್ತಿದರು. ಕೊನೆಗೆ ಸುಪ್ರೀಂ ಕೋರ್ಟಿನ ತೀರ್ಪೂ ಅವರ ಪರವಾಗಿಯೇ ಬಂತು.

ಇನ್ನು ಈಜಿಪ್ಟಿಗೆ ಬನ್ನಿ. 2010ರ ಜೂನ್‌ನಲ್ಲಿ ಅಲೆಕ್ಸಾಂಡ್ರಿಯದ ಯುವಕ ಖಾಲಿದ್ ಸಯೀದ್ ಪೊಲೀಸರ ಹೊಡೆತಕ್ಕೆ ಸಿಕ್ಕಿ ಸತ್ತ. ಗೂಗಲ್ ನೌಕರ ವೇಲ್ ಘೋನಿಮ್ ‘ನಾವೆಲ್ಲರೂ ಖಾಲಿದ್ ಸಯೀದ್’ ಎಂಬ ಫೇಸ್‌ಬುಕ್ ಪುಟ ತೆರೆದ. 2011ರ ಜನವರಿ 25ರಂದು ಬೀದಿಗೆ ಬನ್ನಿ ಎಂಬ ಕರೆ ಆ ಪುಟದ ಮೂಲಕವೂ ಹರಡಿತು. ಜನವರಿ 28ರ ಹೊತ್ತಿಗೆ ಸರ್ಕಾರ ಇಂಟರ್‌ನೆಟ್ಟನ್ನು ಬಹುತೇಕ ನಿಲ್ಲಿಸಿಬಿಟ್ಟಿತು. ಮೊಬೈಲೂ ಸತ್ತಿತು. ಆದರೂ ಕೈರೋದ ತಹ್ರೀರ್ ಚೌಕದಲ್ಲಿ ಜನ ಕರಗಲಿಲ್ಲ. ಫೆಬ್ರವರಿ 2ರಂದು ಇಂಟರ್‌ನೆಟ್ ಮರಳಿತು. 11ರಂದು ಅಧ್ಯಕ್ಷ ಮುಬಾರಕ್ ಕೆಳಗಿಳಿದರು. ಆ ದಿನಗಳಲ್ಲಿ 800ಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರೆಂಬುದನ್ನು ಮರೆಯಬಾರದು.

ಮುಂದಿನ ಕಥೆ ಅಷ್ಟು ಸುಖದ್ದಲ್ಲ. 2013ರಲ್ಲಿ ಅಧಿಕಾರ ಸೈನ್ಯದ ಕೈಗೆ ಹೋಯಿತು. ಒಟ್ಟುಗೂಡಿಸಿದ ಅದೇ ಜಾಲತಾಣ ಗಾಳಿಸುದ್ದಿ, ದ್ವೇಷಗಳನ್ನು ಹಬ್ಬಿಸಿ ನಮ್ಮನ್ನು ಒಡೆಯಿತು ಎಂದು ಘೋನಿಮ್ ಮುಂದೆ ತಾನೇ ಒಪ್ಪಿಕೊಂಡ.

ಈಗ ಪಾಠಕ್ಕೆ ಬರೋಣ. ಪೊಟ್ಯಾಸಿಯಂ ಕ್ಲೋರೇಟನ್ನು ಕಾಯಿಸಿದರೆ ಆಕ್ಸಿಜನ್ ಬರುತ್ತದೆ. ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಬೆರೆಸಿದರೆ ಕಡಿಮೆ ಶಾಖದಲ್ಲಿ ಬೇಗನೆ ಬರುತ್ತದೆ. ಆದರೆ ಕ್ಲೋರೇಟೇ ಇಲ್ಲದೆ ಬರೀ ಮ್ಯಾಂಗನೀಸ್ ಡೈಆಕ್ಸೈಡನ್ನು ಅದೇ ದೀಪದ ಮೇಲೆ ಕಾಯಿಸುತ್ತ ಕುಳಿತರೆ ಪ್ರನಾಳದಲ್ಲಿ ಏನೂ ನಡೆಯುವುದಿಲ್ಲ. ಸಾಮಾಜಿಕ ಜಾಲತಾಣವೂ ಹೀಗೆಯೇ. ಜನರ ನೋವು, ಧೈರ್ಯ, ಶಿಸ್ತು ಇದ್ದಲ್ಲಿ ಕೆಲಸವನ್ನು ಚುರುಕುಗೊಳಿಸುತ್ತದೆ. ಇಲ್ಲದಲ್ಲಿ ಅವನ್ನು ಹುಟ್ಟಿಸಲಾರದು. ಇನ್ನೊಂದು ಮಾತು: ಎರಡೂ ಕಡೆಗೆ ನಡೆಯುವ ಕ್ರಿಯೆಗಳಲ್ಲಿ ಕ್ರಿಯಾವರ್ಧಕ ಮುಮ್ಮುಖ, ಹಿಮ್ಮುಖ ಎರಡನ್ನೂ ವೇಗಗೊಳಿಸುತ್ತದೆ. ಮೊಬೈಲಿಗೂ ಸತ್ಯ ಸುಳ್ಳುಗಳ ಭೇದ ಗೊತ್ತಿಲ್ಲ.

ನನಗೆ ಇದು ತಿಳಿದದ್ದು ಪುಸ್ತಕದಿಂದಲ್ಲ. ಒಮ್ಮೆ ಯಾವುದೋ ಪ್ರತಿಭಟನೆಯ ಚಿತ್ರವೊಂದನ್ನು ಕಂಡು ಮನಸ್ಸು ಕುದಿದು, ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿಬಿಟ್ಟೆ. ಮರುದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೆಲ್ಲನೆ ಬಂದು, ‘ಸಾರ್, ಅದು ಬೇರೆ ದೇಶದ ಹಳೆಯ ಚಿತ್ರ’ ಎಂದಳು. ಗುಂಪಿನಲ್ಲಿ ತಪ್ಪೊಪ್ಪಿಕೊಂಡೆ. ಅಷ್ಟರಲ್ಲಿ ಅದು ಎಷ್ಟು ಮನೆ ಮುಟ್ಟಿತ್ತೋ!

ಪೋಷಕರೇ, ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಂಡರೆ ಸಾಲದು. ಕಳಿಸುವ ಮುನ್ನ ‘ಇದು ಎಲ್ಲಿಯದು, ಯಾವಾಗಿನದು, ಹೇಳಿದವರು ಯಾರು?’ ಎಂದು ಕೇಳಿಕೊಳ್ಳುವುದನ್ನು ಕಲಿಸಿ. ನೀವೂ ಕಲಿಯಿರಿ. ಮಕ್ಕಳೇ, ಅನ್ಯಾಯ ಕಂಡಾಗ ಶಾಂತವಾಗಿ ದನಿ ಎತ್ತುವುದು ಒಳ್ಳೆಯದೇ. ಆದರೆ ಗುಂಡಿ ಒತ್ತಿದ ಮಾತ್ರಕ್ಕೆ ನಮ್ಮ ಪಾಲಿನ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಮಾಂಟ್ಗೊಮರಿಯ ಜನ ಕರಪತ್ರ ಓದಿದ್ದು ಒಂದು ನಿಮಿಷ. ನಡೆದದ್ದು ಒಂದು ವರ್ಷಕ್ಕೂ ಹೆಚ್ಚು.